ಮ್ತ್ವಾರಾದ ತೊಗರಿ, ವಾಡಿಯ ಎರಡನೇ ಸೌಟು

ವಾಡಿ

ಪರದೇಶಕ್ಕೆ ಹೋಗಿ ಬಂದವರು ಸಮುದ್ರ ಹೇಳುತ್ತಾರೆ, ಸಿಂಹ ಹೇಳುತ್ತಾರೆ, ಮುಗಿಲು ಮುಟ್ಟುವ ಕಟ್ಟಡ ಹೇಳುತ್ತಾರೆ. ನಾನು ಟಾಂಜಾನಿಯಾಕ್ಕೆ ಹೋಗಿ ಬಂದೆ, ಸಿಂಹದ ಬಾಲವನ್ನೂ ನೋಡಲಿಲ್ಲ. ನಾನು ಹೋದದ್ದು ತೊಗರಿಬೇಳೆ ಅಗ್ಗ ಆಗುತ್ತದೋ ಇಲ್ಲವೋ ನೋಡಿಕೊಂಡು ಬರಲಿಕ್ಕೆ. ನಗಬೇಡಿ. ಕಳಿಸಿದವಳು ನಮ್ಮಕ್ಕ. ಆಕೆ ಹೇಳಿದ ಕೆಲಸ ಬಿಟ್ಟು ಬರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ನಾನು ಚಿತ್ತಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಮನೆ ವಾಡಿಯಲ್ಲಿ. ಅಕ್ಕ ಗುರಮ್ಮ ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಾಳೆ. ಅದು ನಮ್ಮವ್ವ ಶುರು ಮಾಡಿದ್ದು. ಅಲ್ಲಿ ರೊಟ್ಟಿಗೆ ಲೆಕ್ಕ ಇದೆ, ಪಲ್ಯಕ್ಕೆ ಲೆಕ್ಕ ಇದೆ, ಬ್ಯಾಳಿಗೆ ಮಾತ್ರ ಇಲ್ಲ. ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಹಿಡಿಯುವ ತನಕ ನೀಡುತ್ತಲೇ ಇರಬೇಕು. ದಾಸೋಹದ ಮನೆತನದಿಂದ ಬಂದ ಅವ್ವನಿಗೆ ಊಟಕ್ಕೆ ರೊಕ್ಕ ತೆಗೆದುಕೊಳ್ಳುವುದೇ ನಾಚಿಕೆ ಆಗಿತ್ತಂತೆ. "ರೊಕ್ಕ ತಗೊಂಡ ಮ್ಯಾಲ ಅರ್ಧಾ ಹೊಟ್ಟಿಲೆ ಯಾರ್ನೂ ಎಬ್ಬಿಸಬ್ಯಾಡ್ರಿ" ಅಂತ ಆಕೆ ಕಟ್ಟು ಹಾಕಿದಳು. ಅವ್ವ ಹೋದ ಮೇಲೂ ಅಕ್ಕ ಅದನ್ನು ಮುರಿದಿಲ್ಲ. ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಗಳು, ರೈಲ್ವೆ ಗ್ಯಾಂಗಿನವರು, ಶಹಾಬಾದದಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿಕೊಂಡು ಬರುವ ಲಾರಿಯವರು, ಎಲ್ಲರೂ ಆ ಎರಡನೇ ಸೌಟಿನ ಭರವಸೆ ಮೇಲೆ ಬರುವವರು.

ಈಗ ಬ್ಯಾಳಿ ತುಟ್ಟಿ, ಎಣ್ಣೆ ತುಟ್ಟಿ. ಎದುರಿನ ಹೊಸ ಖಾನಾವಳಿಯವರು ಎರಡನೇ ಸೌಟಿಗೆ ಬೇರೆ ರೊಕ್ಕ ಹಚ್ಚಿದ್ದಾರೆ, ಊಟದ ರೇಟು ಮಾತ್ರ ಹಳೆಯದೇ ಇಟ್ಟಿದ್ದಾರೆ. ಅಕ್ಕ ಒಂದೋ ಗೋಡೆಯ ಹಲಗೆಯ ಮೇಲಿನ ರೇಟು ಏರಿಸಬೇಕು, ಇಲ್ಲ ಅವ್ವನ ಪದ್ಧತಿ ಬಿಡಬೇಕು. ರೇಟು ಏರಿಸಿದರೆ ಮಂದಿ ಎದುರಿನ ಬಾಗಿಲಿಗೆ ಹೋಗುತ್ತಾರೆ ಅನ್ನುವ ಹೆದರಿಕೆ. ಪದ್ಧತಿ ಬಿಡುವ ಮಾತು ಬಂದರೆ ಅವ್ವನ ಫೋಟೋ ಕಡೆ ನೋಡಿ ಒಲೆಯ ಕಡೆ ಹೋಗುತ್ತಾಳೆ.

ಹಿಂಗಿರುವಾಗ ಒಂದು ದಿನ ಟಿವಿಯಲ್ಲಿ ಮುಂಬೈಯ ಕೇಂದ್ರ ಬ್ಯಾಂಕಿನ ಗವರ್ನರನ ಸುದ್ದಿ ಬಂತು. ಬಡ್ಡಿ ಇಳಿಸುವುದಿಲ್ಲ, ಇದ್ದಂಗೇ ಇಡುತ್ತೇವೆ ಅಂತ. ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಶಾಂತಾ, ಇದು ನಿನ್ ಪಾಠದ್ದಲ್ಲೇನು? ಏನಂತಾನ ಅಂವ?"

"ಧಾರಣಿ ಇನ್ನಾ ಹತೋಟಿಗಿ ಬಂದಿಲ್ಲ, ಅದಕ್ಕ ಬಡ್ಡಿ ಇಳಸಂಗಿಲ್ಲ ಅಂತಾನ."

"ಬಡ್ಡಿ ಹಂಗೇ ಇಟ್ರ ಬ್ಯಾಳಿ ಸೋವಿ ಆಗ್ತದೇನು?"

ನಾನು ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಬಡ್ಡಿ ಹೆಚ್ಚಿದ್ದರೆ ಸಾಲ ತೆಗೆಯುವವರು ಕಡಿಮೆ, ಕೈಯಲ್ಲಿ ರೊಕ್ಕ ಆಡುವುದು ಕಡಿಮೆ, ಕೊಳ್ಳುವವರು ಹಿಂದೆ ಸರಿದರೆ ಬೆಲೆ ತಣ್ಣಗಾಗುತ್ತದೆ.

"ನಮ್ ಗ್ಯಾಂಗಿನ ಮಂದಿ ಸಾಲಾ ಮಾಡಿ ಬ್ಯಾಳಿ ಉಣ್ಣಂಗಿಲ್ಲವ್ವ," ಅಂದಳು.

"ಬ್ಯಾಳಿದು ಬ್ಯಾರೆ ಅಕ್ಕ. ಸೇಡಂ, ಚಿಂಚೋಳಿ ತೊಗರಿ ದೇಶಕ್ಕೆಲ್ಲಾ ಸಾಲಂಗಿಲ್ಲ. ಆಫ್ರಿಕಾದಿಂದ ಹಡಗಿನಾಗ ತರಸ್ತಾರ. ನಮ್ ಬಸು ಇರೋ ಊರಿಂದನೂ ಬರ್ತದ."

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಬಸು ನಮ್ಮ ತಮ್ಮ. ವಾಡಿಯ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತು, ಟಾಂಜಾನಿಯಾದ ದಕ್ಷಿಣ ತುದಿಯ ಮ್ತ್ವಾರಾ ಅನ್ನುವ ಬಂದರು ಊರಿನ ಸಿಮೆಂಟ್ ಕಾರ್ಖಾನೆ ಸೇರಿದವನು. "ಬಂದು ಹೋಗ್ರಿ ಅಕ್ಕಾ" ಅಂತ ಪ್ರತಿ ವರ್ಷ ಕರೆಯುತ್ತಿದ್ದ.

"ಅಂವ ಹ್ಯಾಂಗೂ ಕರೀಲಿಕತ್ತಾನ. ಹೋಗಿ ತೊಗರಿ ನೋಡ್ಕೊಂಡು ಬಾ," ಅಂದಳು ಅಕ್ಕ. "ಸೋವಿ ಆಗ್ತದಂದ್ರ ಅವ್ವನ ಪದ್ಧತಿ ನಡೀತದ. ಇಲ್ಲಂದ್ರ ದಸರಾಕ್ಕ ಬನ್ನಿ ಕೊಟ್ಟ ಮರುದಿನದಿಂದ ಎರಡನೇ ಸೌಟು ಬಂದ್. ನನಗ ಬಡ್ಡಿ ಪಾಠ ಬ್ಯಾಡ, ಒಂದೇ ಮಾತು ಬೇಕು."

ಒಂದೇ ಮಾತು. ಗವರ್ನರನೇ ಹತ್ತು ಪುಟ ಮಾತಾಡಿ ಆ ಒಂದು ಮಾತು ಹೇಳದೆ ಎದ್ದು ಹೋಗುತ್ತಾನೆ. ನಾನು ಯಾವ ಲೆಕ್ಕ? ಆದರೂ ಹೊರಟೆ.

ದಾರ್ ಎಸ್ ಸಲಾಮ್

ಅಕ್ಕ ಬಸುಗೆ ಅಂತ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದಳು. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದ ಹೆಣ್ಣುಮಗಳು ರೊಟ್ಟಿಯ ಗಂಟಿನ ಮೇಲೆ ಬೆರಳಿನಿಂದ ಟಕ್ ಟಕ್ ಬಡಿದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಪಕ್ಕದವನನ್ನು ಕರೆದಳು, ಅವನೂ ಬಡಿದು ನೋಡಿದ. ತಿನ್ನುವ ವಸ್ತು ಅಂದರೆ ಇಬ್ಬರೂ ನಂಬಲಿಲ್ಲ. ಕಡೆಗೆ ನಾನೇ ಒಂದು ಚೂರು ಮುರಿದು ಬಾಯಿಗೆ ಹಾಕಿ ಕಟಕಟ ಅಗಿದು ತೋರಿಸಿದೆ. ಆಕೆಯೂ ಒಂದು ಚೂರು ಹಾಕಿಕೊಂಡಳು. ಬಹಳ ಹೊತ್ತು ಅಗಿದು, ನನ್ನ ಹಲ್ಲಿನ ಕಡೆ ಮರ್ಯಾದೆಯಿಂದ ನೋಡಿ, ಹೋಗಿ ಅಂತ ಕೈ ಮಾಡಿದಳು.

ಅಲ್ಲಿಂದ ಮ್ತ್ವಾರಾಕ್ಕೆ ಹಗಲೆಲ್ಲ ಬಸ್ಸು. ನನ್ನ ಪಕ್ಕದ ಸೀಟಿಗೆ ಬಂದ ಕಾಲೇಜು ಹುಡುಗಿ ಕೂಡುವ ಮೊದಲು ತಲೆ ಬಗ್ಗಿಸಿ "ಶಿಕಮೂ" ಅಂದಳು. ಹಿರಿಯರಿಗೆ ಹಾಗನ್ನಬೇಕಂತೆ, ನಿಮ್ಮ ಕಾಲು ಮುಟ್ಟುತ್ತೇನೆ ಅಂತ ಅರ್ಥವಂತೆ. ಹಿರಿಯರು "ಮರಹಬಾ" ಅನ್ನಬೇಕು. ನನಗದು ಗೊತ್ತಿರಲಿಲ್ಲ. ನಾನು ನಮ್ಮೂರ ರೀತಿ "ಶರಣ್ರಿ" ಅಂದೆ. ಆಕೆಗೆ ಏನು ತಿಳಿಯಿತೋ, ನಕ್ಕು ತನ್ನ ಥರ್ಮಾಸಿನಿಂದ ಚಹಾ ಕೊಟ್ಟಳು.

ಆ ಥರ್ಮಾಸು ನೋಡಿ ನನಗೆ ವಾಡಿ ನೆನಪಾಯಿತು. ಅದೇ ಕೆಂಪು ಹೂವಿನದು, ಅದೇ ಚೀನಾದ್ದು, ಅಕ್ಕನ ಗಲ್ಲಾಪೆಟ್ಟಿಗೆಯ ಪಕ್ಕ ಇರುವಂಥದ್ದು. ದಾರಿಯುದ್ದಕ್ಕೂ ಅದೇ ಪ್ಲಾಸ್ಟಿಕ್ ಕೊಡ, ಅದೇ ರಬ್ಬರ್ ಚಪ್ಪಲಿ. ನನ್ನ ಪಾಠದಲ್ಲಿ ಒಂದು ಅಧ್ಯಾಯವಿದೆ. ಹಿಂದೆ ಎಷ್ಟೋ ವರ್ಷ ಜಗತ್ತಿನ ಕೇಂದ್ರ ಬ್ಯಾಂಕುಗಳು ಬೆಲೆ ಸುಮ್ಮನಿವೆ, ಎಲ್ಲ ನಮ್ಮ ಜಾಣತನ ಅಂತ ಬೆನ್ನು ಚಪ್ಪರಿಸಿಕೊಂಡವು. ಅದರಲ್ಲಿ ಅವರ ಪಾಲು ಎಷ್ಟು, ಈ ಅಗ್ಗದ ಕೊಡ-ಚಪ್ಪಲಿಯ ಪಾಲು ಎಷ್ಟು ಅಂತ ಈಗಲೂ ವಾದ ನಡೆದಿದೆ. ಬಾಗಿಲು ತೆರೆದಿಟ್ಟಾಗ ತಂಪು ಗಾಳಿ ಬಂತು, ಮನೆಯವರು ಫ್ಯಾನು ನಮ್ಮದು ಅಂದರು. ಈಗ ಅದೇ ಬಾಗಿಲಿನಿಂದ ಧೂಳು ಬರುತ್ತಿದೆ. ಹಡಗಿನ ಬಾಡಿಗೆ ಏರಿದರೆ, ಡಾಲರು ಬಿಗಿಯಾದರೆ, ಎಲ್ಲೋ ಯುದ್ಧವಾದರೆ, ನಮ್ಮ ಅಡಿಗೆಮನೆಗೇ ಬಂದು ತಟ್ಟುತ್ತದೆ.

ಸಂಜೆ ಹೊತ್ತಿಗೆ ಮರಗಳ ನಡುವೆ ಸಮುದ್ರ ಕಂಡಿತು. ನಾನು ಕಂಡ ದೊಡ್ಡ ನೀರು ಅಂದರೆ ದಂಡೋತಿಯ ಹತ್ತಿರ ಕಾಗಿಣಾ ಹೊಳೆ ತುಂಬಿ ಹರಿದದ್ದು. ಆ ನೀರಿಗೆ ಆಚೆ ದಂಡೆ ಇತ್ತು.

ಮ್ತ್ವಾರಾ

ಬಸ್ಸಿಳಿದ ಕೂಡಲೇ ಮೂಗಿಗೆ ಸಿಮೆಂಟಿನ ಧೂಳು ಬಡಿಯಿತು. ಅಷ್ಟು ದೂರ ಹೋಗಿ ವಾಡಿಗೇ ಇಳಿದಂತಾಯಿತು. ಬಸು ನನ್ನ ಚೀಲ ಹೊತ್ತುಕೊಂಡು, ರೊಟ್ಟಿಯ ಗಂಟನ್ನು ಮೂಸಿ ನೋಡಿ, ಮೊದಲು ಅಕ್ಕನ ಸುದ್ದಿ ಕೇಳಿದ, ಆಮೇಲೆ ನನ್ನದು. ಒಬ್ಬನೇ ಇರುವ ಮನೆ, ಅನ್ನ ಮಾತ್ರ ಮಾಡಿಕೊಳ್ಳುತ್ತಾನೆ.

"ಮುಂಜಾನಿ ನಾಷ್ಟಾ ಹೊರಗ ಅಕ್ಕಾ. ಮಾಮಾ ಝವಾದಿ ಅಂತ ಅದಾಳ, ಆಕಿ ಕೈಯಾಗ ನೀವು ತೊಗರಿ ಉಣ್ಣಬೇಕು."

ಮಾಮಾ ಅಂದರೆ ಅಲ್ಲಿ ಅವ್ವ. ಹೆಂಗಸರನ್ನು ಹಿರಿಯ ಮಗುವಿನ ಹೆಸರು ಹಚ್ಚಿ ಕರೆಯುತ್ತಾರೆ. ಮಗಳು ಝವಾದಿ, ಆದ್ದರಿಂದ ಈಕೆ ಝವಾದಿಯ ಅವ್ವ. ಬಂದರಿಗೆ ಹೋಗುವ ರಸ್ತೆಯಲ್ಲಿ, ಗೇರು ಗಿಡದ ನೆರಳಿಗೆ, ತಗಡು ಹೊದಿಸಿದ ಅಂಗಡಿ. ಎರಡು ಬೆಂಚು, ಒಂದು ಗಡಿಗೆ, ಒಂದು ಎಣ್ಣೆಯ ಬಾಣಲೆ. ತೊಗರಿಗೆ ಅವರು ಮ್ಬಾಝಿ ಅನ್ನುತ್ತಾರೆ. ಬೇಳೆ ಮಾಡುವುದಿಲ್ಲ. ಇಡೀ ಕಾಳನ್ನು ಬೇಯಿಸಿ ತೆಂಗಿನ ಹಾಲು ಹಾಕಿ, ಎಣ್ಣೆಯಲ್ಲಿ ಕರಿದ ಉಬ್ಬು ಬನ್ನಿನ ಜೊತೆ ಕೊಡುತ್ತಾರೆ.

ಹುಳಿ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ. ಮೊದಲ ತುತ್ತಿಗೆ ನನಗೆ ಸಿಟ್ಟೇ ಬಂತು. ತೊಗರಿಯನ್ನು ಸಿಹಿ ಮಾಡುವುದು ಹೋಳಿಗೆಯಲ್ಲಿ ಸರಿ, ಬೆಳಿಗ್ಗೆ ಬಟ್ಟಲಲ್ಲಿ ಹಾಕಿ ಕೊಡುವುದೆಂದರೇನು? ಎರಡನೇ ತುತ್ತಿಗೆ ಸುಮ್ಮನಾದೆ. ಮೂರನೆಯದಕ್ಕೆ ಬಟ್ಟಲು ಹತ್ತಿರ ಎಳೆದುಕೊಂಡೆ.

ಉಂಡಾದ ಮೇಲೆ ನಮ್ಮ ಮನೆಯ ರೀತಿ ಮಾಡಿದೆ. ನಮ್ಮಲ್ಲಿ ಊಟವೇ ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಹುಟ್ಟಿದಾಗಿನಿಂದ ಮಾಡಿದ್ದು, ವಿಚಾರ ಮಾಡದೆ ಕೈ ತಾನೇ ಮಾಡುತ್ತದೆ. ಬಟ್ಟಲು ತೊಳೆದು ಕುಡಿದು ಕೆಳಗಿಟ್ಟೆ.

ಮಾಮಾ ಝವಾದಿ ನನ್ನನ್ನೇ ನೋಡುತ್ತಿದ್ದಳು. ಎದ್ದು ಬಂದು ಬಟ್ಟಲು ಮತ್ತೆ ತುಂಬಿಸಿದಳು. ನನಗೆ ಆನಂದವೋ ಆನಂದ. ನೋಡು, ಇಲ್ಲಿಯೂ ಎರಡನೇ ಸೌಟಿನ ಪದ್ಧತಿ ಇದೆ, ನಮ್ಮವ್ವನಂಥವಳು ಇಲ್ಲಿಯೂ ಒಬ್ಬಳು ಇದ್ದಾಳೆ ಅಂದುಕೊಂಡೆ. ಹಾಕಿದ್ದನ್ನು ಬಿಡುವಂತಿಲ್ಲವಲ್ಲ, ಉಂಡೆ, ತೊಳೆದೆ, ಕುಡಿದೆ. ಆಕೆ ಮತ್ತೆ ಎದ್ದಳು. ಈ ಸಲ ನಾನು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದೆ. ಆಕೆ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಬದಿಗೆ ಸರಿಸಿ, ಇನ್ನೊಂದು ಸೌಟು ನೀಡಿದಳು. ಬಸು ರೊಕ್ಕ ಕೊಡಲು ಹೋದರೆ ಒಂದೇ ಬಟ್ಟಲಿನದು ತೆಗೆದುಕೊಂಡಳು.

ಮರುದಿನವೂ ಹೀಗೇ ಆಯಿತು. ಬಸು ಪಾಳಿಗೆ ಹೋದ ದಿನ ನಾನೊಬ್ಬಳೇ ಹೋದೆ, ಆಗಲೂ ಹೀಗೇ. ಹೊಟ್ಟೆ ಬಿರಿಯುವಂತೆ ಉಂಡು, ಗೇರು ಗಿಡದ ನೆರಳಲ್ಲಿ ಉಸಿರು ಬಿಡುತ್ತ ಕೂಡುತ್ತಿದ್ದೆ. ಬಂದರಿನ ಹಮಾಲರು ಬಂದು ಗಡಿಗೆಯಲ್ಲಿ ಇಣುಕಿ ನೋಡಿ, ಬರೀ ಚಹಾ ಕುಡಿದು ಹೋಗುತ್ತಿದ್ದರು. ಅವರಿಗೆ ತೊಗರಿ ಸೇರುವುದಿಲ್ಲವೇನೋ ಅಂದುಕೊಂಡೆ.

ಸಂತೆಯಿಂದ ಬಂದರಿಗೆ

ಅದೇ ಬೆಂಚಿನ ಮೇಲೆ ಹಮೀಸಿ ಸಿಕ್ಕ. ಮೂವತ್ತರ ಆಸುಪಾಸಿನವ, ಇಸ್ತ್ರಿ ಮಾಡಿದ ಅಂಗಿ. ಅಲ್ಲಿನ ಕೇಂದ್ರ ಬ್ಯಾಂಕಿನ ಶಾಖೆಯಲ್ಲಿ ಕೆಲಸ, ಊರಿನ ಧಾರಣೆ ಹೇಗಿದೆ ಅಂತ ನೋಡಿ ಮೇಲಿನವರಿಗೆ ಬರೆದು ಕಳಿಸುವುದು. ನಾನು ಅರ್ಥಶಾಸ್ತ್ರದವಳು ಅಂತ ಬಸು ಅವನಿಗೆ ಹೇಳಿಬಿಟ್ಟಿದ್ದ. ನಾವಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದೆವು, ಅವನದು ಒಂದು ರಾಗ, ನನ್ನದು ಒಂದು ರಾಗ. "ಸಂತೆಗೆ ಹೊರಟಿದ್ದೇನೆ, ಬರುತ್ತೀರಾ?" ಅಂದ.

ಅಲ್ಲಿ ಟೊಮೆಟೊ, ಉಳ್ಳಾಗಡ್ಡಿ ಎಲ್ಲ ಗುಡ್ಡೆಯ ಲೆಕ್ಕ. ಸಣ್ಣ ಗುಡ್ಡೆ ಮಾಡಿ ಇಟ್ಟಿರುತ್ತಾರೆ, ಗುಡ್ಡೆಗೆ ಇಷ್ಟು. ಹಮೀಸಿ ಬೆಲೆ ಕೇಳಿದ, ಹೋದ ತಿಂಗಳಿನದೇ ಇತ್ತು. ಆಮೇಲೆ ಚೀಲ ತೆರೆದು ಅಂಗೈಯಷ್ಟು ತಕ್ಕಡಿ ತೆಗೆದು ಆ ಗುಡ್ಡೆಯನ್ನು ತೂಗಿದ.

"ಬೆಲೆ ನಿಂತಿದೆ, ಗುಡ್ಡೆ ಕುಗ್ಗಿದೆ," ಅಂದ. "ಬೆಲೆಯನ್ನಷ್ಟೇ ಬರೆದು ಕಳಿಸಿದರೆ ಊರು ಸುಖವಾಗಿದೆ ಅಂತ ಮೇಲಿನವರು ತಿಳಿಯುತ್ತಾರೆ."

ನಾನು ಅಲ್ಲೇ ನಿಂತುಬಿಟ್ಟೆ. ಅಕ್ಕ ಎರಡನೇ ಸೌಟು ನಿಲ್ಲಿಸಿದರೆ ಹಲಗೆಯ ಮೇಲೆ ರೇಟು ಹಳೆಯದೇ ಇರುತ್ತದೆ. ಸರಕಾರದವರು ಬಂದು ಬರೆದುಕೊಂಡರೆ ವಾಡಿಯಲ್ಲಿ ಊಟದ ಬೆಲೆ ಒಂದು ಪೈಸೆ ಏರಿಲ್ಲ ಅಂತ ಬರೆದುಕೊಳ್ಳುತ್ತಾರೆ. ಗ್ಯಾಂಗಿನವನ ಹೊಟ್ಟೆಯಲ್ಲಿ ಕಡಿಮೆಯಾದದ್ದು ಯಾವ ಪಟ್ಟಿಗೂ ಹೋಗುವುದಿಲ್ಲ. ಇಷ್ಟು ವರ್ಷ ಬೆಲೆಯ ಸ್ಥಿರತೆ ಅಂತ ಬೋರ್ಡಿನ ಮೇಲೆ ಬರೆದವಳು ನಾನು. ಬೆಲೆ ಸ್ಥಿರವಾಗಿದ್ದು ಗುಡ್ಡೆ ಕರಗುತ್ತದೆ ಅಂತ ಬರೆದಿರಲಿಲ್ಲ.

ಹಮೀಸಿ ಗುಡ್ಡೆಯನ್ನು ಕೊಂಡು, "ಒಂಗೇಜಾ" ಅಂತ ಕೈ ಚಾಚಿದ. ಹೆಚ್ಚಿಗೆ ಹಾಕು ಅಂತ. ಮಾರುವವಳು ಗೊಣಗುತ್ತ ಒಂದು ಸಣ್ಣ ಟೊಮೆಟೊ ಮೇಲೆ ಇಟ್ಟಳು. ನಮ್ಮಲ್ಲಿ ಕೊಸರು ಕೇಳುವುದು ಇದೇ. ಆಕೆ ಗೊಣಗಿದ ರೀತಿಯೂ ಚಿತ್ತಾಪುರದ ಸಂತೆಯದೇ.

ಅಲ್ಲಿಂದ ಬಂದರಿನ ಕಡೆ ನಡೆದೆವು. ನಮ್ಮಲ್ಲಿ ಆಗ ತೊಗರಿ ಮೊಣಕಾಲೆತ್ತರ, ಅಲ್ಲಿ ಕೊಯ್ಲು ಮುಗಿದು ಗೋದಾಮಿನ ಮುಂದೆ ಚೀಲಗಳ ಸಾಲು. ಒಂದು ಚೀಲದ ಹೊಲಿಗೆ ಬಿಟ್ಟು ಕಾಳು ಸುರಿದಿತ್ತು. ನಾಲ್ಕು ಕಾಳು ಎತ್ತಿ ಒಂದನ್ನು ಹಲ್ಲಿಗೆ ಹಾಕಿದೆ. ಸೇಡಂ ಬಜಾರಿನಲ್ಲಿ ಎಲ್ಲರೂ ಮಾಡುವಂತೆ. ಚೆನ್ನಾಗಿ ಒಣಗಿತ್ತು.

"ಎಲ್ಲಿಗೆ ಇದು?"

"ನಿಮ್ಮ ಮನೆಗೆ," ಅಂದ ಹಮೀಸಿ. "ನಿಮ್ಮ ಸರಕಾರ ಕಳಿಸಿ ಅಂದರೆ ಇಲ್ಲಿ ಮ್ಬಾಝಿ ಕೈಗೆ ಸಿಗುವುದಿಲ್ಲ. ಕಳಿಸಬೇಡಿ ಅಂದರೆ ಚೀಲದಲ್ಲೇ ಹುಳ ಬೀಳುತ್ತದೆ. ನಮ್ಮ ಗವರ್ನರ್ ಬಡ್ಡಿ ಏರಿಸಿದರೂ ಇಳಿಸಿದರೂ ಈ ಚೀಲಕ್ಕೆ ಕೇಳಿಸುವುದಿಲ್ಲ. ಇದಕ್ಕೆ ದಿಲ್ಲಿಯ ಮಾತು ಮಾತ್ರ ಕೇಳಿಸುತ್ತದೆ."

"ನಮ್ಮ ಗವರ್ನರನದೂ ಅದೇ ಪಾಡು," ಅಂದೆ. "ಅವನು ನಿಮ್ಮ ಮಳೆ ನೋಡಬೇಕು, ಹಡಗು ನೋಡಬೇಕು, ಅಮೆರಿಕದವರು ಬಡ್ಡಿ ಏರಿಸಿದರೆ ನಮ್ಮ ರೂಪಾಯಿ ಎಷ್ಟು ಸೊರಗುತ್ತದೆ ನೋಡಬೇಕು."

"ಅವರು ಏರಿಸಿದರೆ ನಮ್ಮ ಶಿಲ್ಲಿಂಗೂ ಸೊರಗುತ್ತದೆ. ಆಗ ಬಾಣಲೆಯ ಎಣ್ಣೆ ತುಟ್ಟಿ. ಎಣ್ಣೆ ನಮಗೂ ಹೊರಗಿನಿಂದ ಬರಬೇಕು."

"ನಮಗೂ."

ಹಂಗಂತ ಕೇಂದ್ರ ಬ್ಯಾಂಕು ಬೇಡ ಅನ್ನುವ ಹಾಗಿಲ್ಲ. ತೊಗರಿ ತುಟ್ಟಿಯಾದದ್ದು ನೋಡಿ ಎಲ್ಲರೂ ಎಲ್ಲದಕ್ಕೂ ರೇಟು ಏರಿಸುತ್ತ ಹೊರಟರೆ ಅದನ್ನು ತಡೆಯುವವರು ಒಬ್ಬರು ಬೇಕೇ ಬೇಕು, ಅದು ಅವರಿಂದ ಆಗುತ್ತದೆ. ಮೊದಲ ಪೆಟ್ಟು ತಡೆಯುವುದು ಮಾತ್ರ ಆಗುವುದಿಲ್ಲ. ಅದು ಸೀದಾ ಅಡಿಗೆ ಮಾಡುವವಳ ಕೈಗೇ ಬೀಳುತ್ತದೆ.

ಕಡೆಗೆ ಅಕ್ಕನ ಪ್ರಶ್ನೆ ಕೇಳಿಯೇ ಬಿಟ್ಟೆ. ತೊಗರಿ ಅಗ್ಗ ಆಗುತ್ತದೋ ಇಲ್ಲವೋ?

ಹಮೀಸಿ ನಕ್ಕ. "ನಾನು ನಿಮ್ಮನ್ನೇ ಕೇಳಬೇಕಂತಿದ್ದೆ. ಮಾಮಾ ಝವಾದಿ ದಿನಾ ನನ್ನನ್ನು ಕೇಳುತ್ತಾಳೆ. ನಿಮ್ಮವರು ಕೊಳ್ಳುತ್ತಿರುವ ತನಕ ಆಕೆಗೆ ತುಟ್ಟಿಯೇ. ಬಟ್ಟಲು ಸಣ್ಣದು ಮಾಡಿಲ್ಲ, ಬೆಲೆ ಏರಿಸಿಲ್ಲ, ಗಡಿಗೆ ಮಾತ್ರ ಸಣ್ಣದು ಇಡುತ್ತಿದ್ದಾಳೆ. ತಡವಾಗಿ ಬಂದ ಹಮಾಲರಿಗೆ ಬರೀ ಚಹಾ."

"ಹಾಗಾದರೆ ನನಗೆ ಮೂರು ಬಟ್ಟಲು ಹೇಗೆ ನೀಡುತ್ತಾಳೆ?"

"ಅದು ಆಕೆ ಮನೆಗೆ ಒಯ್ಯುವ ಪಾಲು. ತಾಯಿಗೂ ಝವಾದಿಗೂ. ಇಲ್ಲಿ ಹೊಟ್ಟೆ ತುಂಬಿದವರು ಬಟ್ಟಲಲ್ಲಿ ಚೂರು ಬಿಡುತ್ತಾರೆ. ನೀವು ಚೂರು ಬಿಡುವುದಿರಲಿ, ಬಟ್ಟಲು ತೊಳೆದ ನೀರನ್ನೂ ಕುಡಿದಿರಂತೆ. ತಮ್ಮನ ಮನೆಯಲ್ಲಿ ಈ ಹೆಂಗಸಿಗೆ ಅನ್ನ ಹಾಕುತ್ತಿಲ್ಲ ಅಂತ ಆಕೆಗೆ ಭಾರಿ ಸಂಕಟ."

ಬಸುವಿನ ಮರ್ಯಾದೆ ಹೋದದ್ದು ಇರಲಿ. ಚೀಲಗಟ್ಟಲೆ ತೊಗರಿ ಹಡಗಿಗೆ ಹಾಕಿ ನಮ್ಮ ದೇಶಕ್ಕೆ ಕಳಿಸಿದ್ದು ಸಾಲದೆಂದು, ನಾನೊಬ್ಬಳು ಖುದ್ದಾಗಿ ಬಂದು ಕೂತು ಆ ಮುದುಕಿಯ ಪಾಲು, ಆ ಮಗುವಿನ ಪಾಲು ಉಂಡು, ಭಕ್ತಿಯಿಂದ ಬಟ್ಟಲು ತೊಳೆದು ಕುಡಿದಿದ್ದೆ. ಹಮೀಸಿಯ ಮುಂದೆ ಅಳಬಾರದು ಅಂತ ಚೀಲಗಳ ಕಡೆ ತಿರುಗಿ ನಿಂತೆ.

ಕಡೆಯ ಮುಂಜಾನೆ

ಊರಿಗೆ ಹೊರಡುವ ದಿನ ಬೇಗ ಎದ್ದು ಮಾಮಾ ಝವಾದಿಯ ಅಂಗಡಿಗೆ ಹೋದೆ. ಬಸುನೂ ಬಂದ. ಆಕೆ ಬಟ್ಟಲು ತುಂಬಿಸಿ ಕೊಟ್ಟಳು. ಉಣ್ಣುತ್ತ ಬಂದು ಕಡೆಯ ಎರಡು ತುತ್ತು ಉಳಿದಾಗ ಕೈ ನಿಲ್ಲಿಸಿದೆ.

ನಿಮಗೆ ಇದು ದೊಡ್ಡ ಮಾತು ಅನ್ನಿಸಲಿಕ್ಕಿಲ್ಲ. ನಾನು ಹುಟ್ಟಿದಾಗಿನಿಂದ ತಾಟಿನಲ್ಲಿ ಬಿಟ್ಟು ಎದ್ದವಳಲ್ಲ. ಜ್ವರ ಬಂದಾಗಲೂ ಅವ್ವ ಕಡಿಮೆ ನೀಡುತ್ತಿದ್ದಳೇ ಹೊರತು ಬಿಡಲು ಕೊಡುತ್ತಿರಲಿಲ್ಲ. ಕೈ ನೀರಿನ ಲೋಟದ ಕಡೆ ಹೋಗುತ್ತಿತ್ತು. ಹಿಡಿದು ತೊಡೆಯ ಮೇಲೆ ಇಟ್ಟುಕೊಂಡೆ. ಆ ನಾಲ್ಕು ಕಾಳು ನನ್ನನ್ನೇ ನೋಡುತ್ತಿದ್ದವು. ಅವ್ವ, ಇದೊಂದು ಸಲ ತಪ್ಪು ನೋಡಬೇಡ ಅಂತ ಮನಸ್ಸಿನಲ್ಲಿ ಅಂದುಕೊಂಡು ಬಟ್ಟಲು ಮುಂದಕ್ಕೆ ಸರಿಸಿದೆ.

ಮಾಮಾ ಝವಾದಿ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಎದೆಯ ಮೇಲೆ ಕೈ ಇಟ್ಟು ದೊಡ್ಡ ಉಸಿರು ಬಿಟ್ಟು ನಕ್ಕಳು. ಆಮೇಲೆ ಗಡಿಗೆಯ ಪಕ್ಕದ ಡಬ್ಬಿಗೆ ಮನೆಯ ಪಾಲು ತುಂಬಿ ಮುಚ್ಚಳ ಹಾಕಿದಳು. ಅಷ್ಟರಲ್ಲಿ ಬಂದ ಒಬ್ಬ ಹಮಾಲನಿಗೆ ಗಡಿಗೆಯಲ್ಲಿದ್ದ ಕಡೆಯ ಬಟ್ಟಲು ಸಿಕ್ಕಿತು.

ನಮ್ಮ ಪದ್ಧತಿ ಏನು ಅಂತ ಬಸುವಿನಿಂದ ಹೇಳಿಸಿದೆ. ಹಸಿವಿಗೆ ಅಲ್ಲ, ಗೌರವಕ್ಕೆ ತೊಳೆದು ಕುಡಿಯುತ್ತೇವೆ ಅಂತ. ಆಕೆ ಬಹಳ ಹೊತ್ತು ನಕ್ಕಳು. ನಕ್ಕಾದ ಮೇಲೆ ಏನೋ ಕೇಳಿದಳು.

"ಹಸದವರಿಗೂ ಹೊಟ್ಟಿ ತುಂಬಿದವರಿಗೂ ನಿಮ್ಮಲ್ಲಿ ಹ್ಯಾಂಗ ಫರಕ ಗೊತ್ತಾಗ್ತದ ಅಂತ ಕೇಳ್ಲಿಕತ್ತಾಳ ಅಕ್ಕಾ," ಅಂದ ಬಸು.

ನಾನು ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದು ತೋರಿಸಿದೆ. ಸಾಕು ಅಂದರೆ ಹಿಂಗೆ.

ಮಾಮಾ ಝವಾದಿ ತಲೆ ಅಲ್ಲಾಡಿಸಿದಳು. ಆಕೆ ಹೇಳಿದ್ದನ್ನು ಬಸು ಕನ್ನಡದಲ್ಲಿ ಹೇಳಿದ.

"ಕೈ ಅಡ್ಡ ಹಿಡಿಯೋರು ಎಲ್ಲರೂ ಹೊಟ್ಟಿ ತುಂಬಿ ಹಿಡಿಯಂಗಿಲ್ಲ ಅಂತಾಳ. ಭಾಳ ಮಂದಿ ನಾಚಿ ಹಿಡೀತಾರಂತ. ಅದಕ್ಕ ಆಕಿ ನಿಮ್ ಕೈ ಸರಿಸಿದ್ಳಂತ."

ಮತ್ತೆ ವಾಡಿ

ಬನ್ನಿಯ ದಿನ ಮುಂಜಾನೆ ಊರು ಮುಟ್ಟಿದೆ. ಅಕ್ಕ ಬನ್ನಿ ಎಲೆ ನನ್ನ ಕೈಗೆ ಕೊಟ್ಟು, ನಾನು ಆಕೆಯ ಕಾಲಿಗೆ ಬಿದ್ದು ಏಳುವುದರೊಳಗೆ ಕೇಳಿಬಿಟ್ಟಳು.

"ಹೇಳು. ಸೋವಿ ಆಗ್ತದೋ, ತುಟ್ಟಿನೋ?"

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ಲ ಅಂತ ಹೇಳ್ಲಿಕ್ಕಿ ಸಮುದ್ರ ದಾಟಿ ಹೋಗಿದ್ದೇನು?"

"ಅಲ್ಲಿ ಬ್ಯಾಂಕಿನವರಿಗೂ ಗೊತ್ತಿಲ್ಲ. ಇಲ್ಲಿಯವರಿಗೂ ಗೊತ್ತಿಲ್ಲ. ನಾವು ಸೋವಿ ಆಗ್ಲಿ ಅಂತ ಕುಂತೀವಿ, ನಮಗ ಬರಬೇಕಂದ್ರ ಅಲ್ಲಿ ಒಬ್ಬಾಕಿ ಗಡಿಗಿ ಸಣ್ಣದಾಗ್ತದ."

ಮಾಮಾ ಝವಾದಿಯ ಕಥೆ ಹೇಳಿದೆ. ನಾನು ಬಟ್ಟಲು ತೊಳೆದು ಕುಡಿದದ್ದು, ಆಕೆ ಮತ್ತೆ ಮತ್ತೆ ನೀಡಿದ್ದು. ಅಕ್ಕ ಮೊದಲು ಬಿದ್ದು ಬಿದ್ದು ನಕ್ಕಳು. ಮನೆಗೆ ಒಯ್ಯುವ ಪಾಲಿನ ಮಾತು ಬಂದಾಗ ನಗು ನಿಂತಿತು.

"ತುಟ್ಟಿ ಇದ್ದಾಗ ನೀಡಿದ್ಳಾ? ಮನಿ ಮಂದೀದು?"

"ಹೌದು."

"ನಿನ್ನ ಕೈ ಸರಿಸಿ?"

"ಹೌದಕ್ಕ. ನಾಚಿ ಹಿಡೀತಾರಂತ ಹೇಳಿದ್ಳು."

ಅಕ್ಕ ಎದ್ದು ಒಲೆಯ ಕಡೆ ಹೋದಳು.

ಮರುದಿನ ಖಾನಾವಳಿಗೆ ಹೋದಾಗ ಗೋಡೆಯ ಹಲಗೆ ಒದ್ದೆ ಅರಿವೆಯಿಂದ ಒರೆಸಿ, ಹೊಸ ರೇಟು ಬರೆದಾಗಿತ್ತು. ಬಂದವರು ಬಾಗಿಲಲ್ಲೇ ನಿಂತು ಓದುತ್ತಿದ್ದರು. ಇಬ್ಬರು ಹುಡುಗರು ಓದಿ, ಪಿಸುಮಾತಾಡಿ, ಎದುರಿನ ಖಾನಾವಳಿಗೆ ಹೋದರು. ಅಕ್ಕ ನೋಡಿದಳು, ಕರೆಯಲಿಲ್ಲ. ಉಳಿದವರು ಒಳಗೆ ಬಂದು ಕೂತರು. ಗ್ಯಾಂಗಿನ ಮಲ್ಲಣ್ಣ, ಅವ್ವನ ಕಾಲದಿಂದ ಉಣ್ಣುವವರು, ಯಾವಾಗಲೂ ಕೂಡುವ ಗೋಡೆಯ ಮಗ್ಗುಲಿಗೇ ಕೂತರು. ನಾನು ಅವರ ಪಕ್ಕದಲ್ಲಿ ತಾಟು ಹಾಕಿಸಿಕೊಂಡೆ.

ಅಂದು ಪಂಕ್ತಿಯಲ್ಲಿ ರೊಟ್ಟಿ ಮುರಿಯುವ ಸಪ್ಪಳವಷ್ಟೇ. ಎರಡನೇ ಸೌಟು ಬಂದ್ ಆಗುತ್ತದೆ ಅನ್ನುವ ಸುದ್ದಿ ಹೇಗೋ ಊರೆಲ್ಲ ಹಬ್ಬಿತ್ತು. ಎಲ್ಲರೂ ಮೊದಲ ಸೌಟನ್ನೇ ರೊಟ್ಟಿಗೆ ಚೂರು ಚೂರು ಹಚ್ಚಿಕೊಂಡು ಉಣ್ಣುತ್ತಿದ್ದರು.

ಅಕ್ಕ ಒಳಗಿನಿಂದ ಬ್ಯಾಳಿಯ ಪಾತ್ರೆ ಹಿಡಿದು ಬಂದಳು. ಮೊದಲು ನನ್ನ ಮುಂದೆ ನಿಂತಳು. ನನ್ನ ಹೊಟ್ಟೆ ನಿಜವಾಗಿಯೂ ತುಂಬಿತ್ತು, ಕೈ ಅಡ್ಡ ಹಿಡಿದೆ. ಅಕ್ಕ ನನ್ನ ಮುಖ ನೋಡಿ ಮುಂದೆ ಹೋದಳು.

ಮಲ್ಲಣ್ಣ ಆಕೆ ಬರುವುದಕ್ಕೆ ಮೊದಲೇ ಕೈ ಅಡ್ಡ ಇಟ್ಟಿದ್ದರು. ತಾಟಿನಲ್ಲಿ ಇನ್ನೂ ಎರಡು ರೊಟ್ಟಿ ಹಾಗೇ ಇದ್ದವು, ಬ್ಯಾಳಿ ಒಂದು ಹನಿ ಇರಲಿಲ್ಲ.

"ಸಾಕವ್ವ," ಅಂದರು, ತಲೆ ಎತ್ತದೆ. "ತುಟ್ಟಿ ಅದ. ನನಗೂ ತಿಳೀತದ."

ಅಕ್ಕ ಅಲ್ಲೇ ನಿಂತಳು. ಸೌಟಿನಿಂದ ಹಬೆ ಏಳುತ್ತಿತ್ತು. ಪಂಕ್ತಿಯಲ್ಲಿ ಇನ್ನೂ ನಾಲ್ಕಾರು ಕೈ ತಾಟಿನ ಮೇಲೆ ಬಂದಿದ್ದವು.

"ಮಲ್ಲಣ್ಣ, ಹಲಗಿ ಮ್ಯಾಲ ಏರ್ಸಿದ್ದು ಊಟದ ರೇಟು," ಅಂದಳು ಅಕ್ಕ. "ಬ್ಯಾಳಿಗಿ ಇವತ್ತೂ ಲೆಕ್ಕ ಇಲ್ಲ. ಕೈ ತೆಗೀರಿ."

ಮಲ್ಲಣ್ಣ ತೆಗೆಯಲಿಲ್ಲ. ಅಕ್ಕ ಬಗ್ಗಿ, ಎಡಗೈಯಿಂದ ಅವರ ಮಣಿಕಟ್ಟು ಹಿಡಿದು ಮೆಲ್ಲಗೆ ಬದಿಗೆ ಸರಿಸಿ, ಸೌಟು ತುಂಬ ನೀಡಿದಳು.